ಅಬು ಮೂಸಾ ಗಲಾಟೆ

(೧೯೯೨ರ ಸೆಪ್ಟೆಂಬರ್. ಕೊಲ್ಲಿ ದೇಶದ ಖಸಬ್ ಬಂದರಿನ ಒಂದು ಹಡಗು ಏಜೆಂಟರ ಆಫೀಸು. ಟೈಪಿಸ್ಟ್ ದೇಜಪ್ಪನ ಮೇಜಿನೆದುರು ಬಟ್ಟೆ ಅಂಗಡಿಯ ಉಸ್ಮಾನ್ ಕೂತಿದ್ದಾನೆ. ಇಬ್ಬರೂ ಉಳ್ಳಾಲದವರು. ಉಸ್ಮಾನನ ಹೆಂಡತಿ ಅಮೀನತ್‌ಗೆ ಅಂತೂ ವೀಸಾ ಸಿಕ್ಕಿದೆ, ಶುಕ್ರವಾರ ವಿಮಾನ.)

ದೇಜಪ್ಪ: ವೀಸಾಕ್ಕಾಗಿ ನಾಲ್ಕು ವರ್ಷ ನಿನ್ನ ಅರಬಿ ಧಣಿ, ಆ ಕಫೀಲನ ಹಿಂದೆ ತಿರುಗಿ ಚಪ್ಪಲಿ ಸವೆಸಿದ್ದು ಯಾರು? ನೀನೇ. ಈಗ ಬರಬೇಡ ಅಂತ ಟೆಲಿಗ್ರಾಂ ಕೊಟ್ಟದ್ದೂ ನೀನೇ!

ಉಸ್ಮಾನ್: ನೀನು ರೇಡಿಯೋ ಕೇಳುದಿಲ್ವಾ ಮಾರಾಯ? ಅಬು ಮೂಸಾ ದ್ವೀಪ ತನ್ನದು ತನ್ನದು ಅಂತ ಇರಾನೂ ಎಮಿರೇಟ್ಸೂ ಮೀಸೆ ತಿರುವಿಕೊಂಡು ನಿಂತಿವೆ. ಇವತ್ತೋ ನಾಳೆಯೋ ಗುಂಡು ಹಾರ್ತದೆ.

ದೇಜಪ್ಪ: ಆ ದ್ವೀಪ ಇಲ್ಲಿಂದ ನೂರು ಕಿಲೋಮೀಟರಿಗಿಂತ ದೂರ ಉಂಟು.

ಉಸ್ಮಾನ್: ಗುಂಡಿಗೆ ಕಿಲೋಮೀಟರ್ ಓದ್ಲಿಕ್ಕೆ ಬರ್ತದಾ?

ದೇಜಪ್ಪ: ನಿನ್ನೆ ಇರಾನಿ ದೋಣಿಯವರು ಆಡು ಇಳಿಸಿ, ಸಿಗರೇಟು ತುಂಬಿಸಿಕೊಂಡು ನಗ್ತಾ ಹೋದ್ರು. ಅವರಿಗೇ ಇಲ್ಲದ ಹೆದರಿಕೆ ನಿನಗೆ?

ಉಸ್ಮಾನ್: ಅವರ ಹೆಂಡಂದಿರು ಇಲ್ಲಿಗೆ ಬರುದಿಲ್ಲವಲ್ಲ!

ದೇಜಪ್ಪ: ಅದಿರಲಿ, ಟೆಲಿಗ್ರಾಮಿನಲ್ಲಿ ಎಂತ ಬರೆದೆ?

ಉಸ್ಮಾನ್: ಚುಟುಕಾಗಿ. "ಅಬು ಮೂಸಾ ಟ್ರಬಲ್. ಡೋಂಟ್ ಕಮ್."

ದೇಜಪ್ಪ: ದ್ವೀಪ ಅಂತ ಬರೆದಿಯಾ?

ಉಸ್ಮಾನ್: ಅದು ಲೋಕಕ್ಕೇ ಗೊತ್ತುಂಟಲ್ಲ.

ದೇಜಪ್ಪ: ಲೋಕಕ್ಕೆ ಗೊತ್ತುಂಟು. ಉಳ್ಳಾಲಕ್ಕೆ?

(ಫೋನು ಬಡಿದುಕೊಂಡಿತು. ಉಸ್ಮಾನನಿಗೆ ಊರಿನಿಂದ ಫೋನು ಬರುವುದು ಈ ಆಫೀಸಿಗೇ. ದೇಜಪ್ಪ ಎತ್ತಿದವನೇ ಬೆಚ್ಚಿ, ರಿಸೀವರನ್ನು ಉಸ್ಮಾನನ ಕೈಗೆ ಕೊಟ್ಟ. ಅಮೀನತಳ ದನಿ ಇಡೀ ಆಫೀಸಿಗೆ ಕೇಳಿಸುತ್ತಿತ್ತು.)

ಅಮೀನತ್: ಹಲೋ! ಎಲ್ಲಿಗೆ ಪೆಟ್ಟಾಯಿತು?

ಉಸ್ಮಾನ್: ಯಾರಿಗೆ?

ಅಮೀನತ್: ನಿಮಗೆ! ಬೀಟ್ರಿಸ್ ಟೀಚರ್ ಟೆಲಿಗ್ರಾಂ ಓದಿ ಹೇಳಿದ್ರು, ಯಾರೋ ಮೂಸಾ ನಿಮಗೆ ತೊಂದರೆ ಕೊಡ್ತಿದ್ದಾನೆ ಅಂತ.

ಉಸ್ಮಾನ್: ಅಯ್ಯೋ, ಅದು ಮನುಷ್ಯನೇ ಅಲ್ಲ!

ಅಮೀನತ್: ಬಾದುಶಾ ಅಣ್ಣನೂ ಅದನ್ನೇ ಹೇಳಿದ. ಮೂಸಬ್ಬ ಮನುಷ್ಯನೇ ಅಲ್ಲ ಅಂತ.

ಉಸ್ಮಾನ್: ಯಾವ ಮೂಸಬ್ಬ?

ಅಮೀನತ್: ಪಕ್ಕದ ಮನೆಯವ! ಅವನ ಮಗ ಮಸ್ಕತ್ತಿನಲ್ಲಿ ಇದ್ದಾನಲ್ಲ, ಅವನನ್ನು ನಿಮ್ಮ ಮೇಲೆ ಛೂ ಬಿಟ್ಟಿದ್ದಾನೆ ಅಂತ ಅಣ್ಣ ಬೆಳಿಗ್ಗೆಯೇ ಅವನ ಜಗಲಿ ಹತ್ತಿದ.

ಉಸ್ಮಾನ್: ಯಾ ಅಲ್ಲಾ! ಹೊಡೆದಾಟ ಆಯ್ತಾ?

ಅಮೀನತ್: ಎಂತ ಹೊಡೆದಾಟ? ಮೂಸಬ್ಬ ಪಿಳಿಪಿಳಿ ಕಣ್ಣು ಬಿಟ್ಟು, ಬೇಲಿಯ ತೆಂಗಿನಮರ ನೀವೇ ಇಟ್ಟುಕೊಳ್ಳಿ ಅಂದ. ಹತ್ತು ವರ್ಷದ ತಕರಾರು, ಒಂದು ಗ್ಲಾಸು ಚಹಾದಲ್ಲಿ ಮುಗಿಯಿತು.

ದೇಜಪ್ಪ: (ಪಿಸುದನಿಯಲ್ಲಿ) ಅಬು ಮೂಸಾಕ್ಕೂ ನಿನ್ನ ಭಾವನನ್ನೇ ಕಳಿಸುವ!

ಉಸ್ಮಾನ್: ನೀನು ಸುಮ್ಮನಿರು! ಅಮೀನಾ, ಕೇಳು. ಅಬು ಮೂಸಾ ಅಂದ್ರೆ ದ್ವೀಪ. ಅದಕ್ಕಾಗಿ ಎರಡು ದೇಶ ಎದುರುಬದುರು ನಿಂತಿವೆ. ಸಮುದ್ರದಲ್ಲಿ ಯುದ್ಧದ ಹಡಗು ತಿರುಗ್ತಾ ಉಂಟು. ನೀನು ಬಂದ ಮೇಲೆ ಏನಾದರೂ ಆದ್ರೆ?

(ಅಮೀನತಳ ದನಿ ತಗ್ಗಿತು. ಉಸ್ಮಾನ್ ರಿಸೀವರನ್ನು ಕಿವಿಗೆ ಒತ್ತಿಕೊಂಡ.)

ಅಮೀನತ್: ಯುದ್ಧ ಆದ್ರೆ ನೀವು ಊರಿಗೆ ಬರ್ತೀರಾ?

ಉಸ್ಮಾನ್: ಅಂಗಡಿ ಬಿಟ್ಟು ಹೇಗೆ ಬರುದು?

ಅಮೀನತ್: ಹಾಗಾದರೆ ನೀವು ಅಲ್ಲಿ ಒಬ್ಬರೇ ಹೆದರುದು, ನಾನು ಇಲ್ಲಿ ರೇಡಿಯೋಕ್ಕೆ ಕಿವಿ ಕೊಟ್ಟು ಒಬ್ಬಳೇ ಹೆದರುದು. ನಾಲ್ಕು ವರ್ಷ ಒಬ್ಬಳೇ ಇದ್ದದ್ದು ಸಾಕು. ಹೆದರುದಾದರೆ ಒಟ್ಟಿಗೇ ಹೆದರುವ.

(ಅವಳು ಇನ್ನೂ ಏನೋ ಹೇಳಿದಳು. ಅವನು ಹೂಂ, ಹೂಂ ಅಂದ. ಲೈನು ಕಡಿದ ಮೇಲೂ ರಿಸೀವರ್ ಹಿಡಿದುಕೊಂಡೇ ಇದ್ದ.)

ದೇಜಪ್ಪ: ಎಂತಂತೆ?

ಉಸ್ಮಾನ್: ಶುಕ್ರವಾರವೇ ಹೊರಡ್ತಾಳಂತೆ. ಮಸ್ಕತ್ತಿನಿಂದ ಇಲ್ಲಿಗೆ ಬರುವ ಸಣ್ಣ ವಿಮಾನದಲ್ಲಿ ಕಿಟಕಿ ಸೀಟಿಗೆ ಹೇಳಿ ಇಡ್ಬೇಕಂತೆ.

ದೇಜಪ್ಪ: ಕಿಟಕಿ ಸೀಟು ಯಾಕೆ?

ಉಸ್ಮಾನ್: ಯುದ್ಧದ ಹಡಗು ಅವಳು ಇದುವರೆಗೆ ನೋಡ್ಲಿಲ್ಲಂತೆ.