ಮಹಿಬೂಬ ಮತ್ತು ಖಾಕಿ ಅಂಗಿ

ನನಗೊಂದು ಕೆಟ್ಟ ಚಟವಿದೆ. ಸಿನಿಮಾ ನೋಡುವಾಗ ಬಾಯಿ ಮುಚ್ಚಿಕೊಂಡು ಕೂಡಲಾರೆ. ತೆರೆಯ ಮೇಲಿನವರ ತಪ್ಪು ತಿದ್ದದಿದ್ದರೆ ಟಿಕೆಟ್ಟು ದಂಡವಾಯಿತು ಅನಿಸುತ್ತದೆ. ಹೆಂಡತಿಯಂತೂ ನನ್ನ ಜೊತೆ ಟಾಕೀಸಿಗೆ ಬರುವುದನ್ನೇ ಬಿಟ್ಟಿದ್ದಾಳೆ. "ನಿಮ್ಮ ಭಾಷಣ ಮನ್ಯಾಗ ಪುಕ್ಕಟೆ ಸಿಗತದರಿ, ಅದಕ್ಕ ಯಾದಗಿರಿತನಾ ಯಾಕ ಹೋಗಬೇಕು?" ಎನ್ನುತ್ತಾಳೆ.

ಹಾಗಾಗಿ ಮೊನ್ನೆ ಕರೆದುಕೊಂಡು ಹೋದದ್ದು ಮಹಿಬೂಬನನ್ನು. ಸುರಪುರದ ಶಾಲೆಯಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಈಗ ಶಹಾಪುರದಲ್ಲಿ ಅವನು ಟೇಲರ್, ನಾನು ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ, ಅಂದರೆ ಎಫ್‌ಡಿಎ. ಸಿನಿಮಾದಲ್ಲಿ ನಾಲ್ವರು ಹಳೆಯ ಗೆಳೆಯರು ಎಷ್ಟೋ ವರ್ಷದ ಮೇಲೆ ಮತ್ತೆ ಕೂಡುತ್ತಾರೆ. ಒಬ್ಬ ಡಾಕ್ಟರ್, ಒಬ್ಬ ಸಾಹುಕಾರ, ಒಬ್ಬ ದೊಡ್ಡ ಅಧಿಕಾರಿ. ಮೂವರಿಗೂ ಮನೆ, ಹೆಂಡತಿ, ಹಳೆಯ ಪ್ರೇಮ, ತಲೆಗೊಂದು ಹಾಡು ಎಲ್ಲ ಉಂಟು. ನಾಲ್ಕನೆಯವನು ಆಟೋ ಓಡಿಸುತ್ತಾನೆ. ಅವನಿಗೆ ಖಾಕಿ ಅಂಗಿ ಬಿಟ್ಟರೆ ಮತ್ತೇನೂ ಇಲ್ಲ. ಗೆಳೆಯರ ಬ್ಯಾಗು ಹೊರುತ್ತಾನೆ, ಅವರನ್ನು ನಗಿಸುತ್ತಾನೆ, ಕೊನೆಗೆ ಎಲ್ಲರ ಪರವಾಗಿ ಅಳುವವನೂ ಅವನೇ. ಜೊತೆಗೆ ಓದಿದವರು ಕೂಡ ಅವನನ್ನು "ಏ ಆಟೋ" ಎಂದೇ ಕರೆಯುತ್ತಾರೆ.

ನನ್ನ ಪಿತ್ತ ನೆತ್ತಿಗೇರಿತು. ಸಿನಿಮಾ ಬಿಟ್ಟ ಮೇಲೆ ಹೋಟೆಲಿನಲ್ಲಿ ಮಿರ್ಚಿ ಭಜಿ ಮುಂದಿಟ್ಟುಕೊಂಡು ಶುರುಮಾಡಿದೆ. "ನೋಡೋ ಮಹಿಬೂಬ, ಅಂವಗ ಅಪ್ಪ ಅವ್ವ ಒಂದು ಹೆಸರ ಇಟ್ಟಿರಂಗಿಲ್ಲೇನು? ಮಾಡೂ ಕೆಲಸಾನೇ ಮನಶ್ಯಾನ ಹೆಸರೇನು? ಇದೆಂಥಾ ದೋಸ್ತಿ?" ಪಕ್ಕದ ಟೇಬಲ್ಲಿನವರೂ ತಲೆದೂಗಿದರು. ನನಗೆ ಇನ್ನಷ್ಟು ಹುರುಪು ಬಂತು.

ಅಷ್ಟರಲ್ಲಿ ಮಹಿಬೂಬ ಜೇಬು ತಡವತೊಡಗಿದ. "ಲೇ, ನನ್ನ ಫೋನ್ ಕಾಣವಲ್ದು. ಒಂದು ಫೋನ್ ಹೊಡಿ ನೋಡೂಣು."

ಭಾಷಣ ನಿಲ್ಲಿಸದೆಯೇ ನನ್ನ ಫೋನನ್ನು ಟೇಬಲ್ಲಿನ ಮೇಲಿಟ್ಟು ಒತ್ತಿದೆ. ಅವನ ಕೈಚೀಲದೊಳಗೆ ಫೋನು ರಿಂಗಾಯಿತು. ನನ್ನ ಫೋನಿನ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿದ್ದು: "ಟೇಲರ್ ಶಹಾಪುರ".

ಮಹಿಬೂಬ ಅದನ್ನು ಓದಿದ. ಭಜಿ ಮುರಿದು ಬಾಯಿಗಿಟ್ಟುಕೊಂಡ. "ಭಾಷಣ ಭಾಳ ಛಲೋ ಆತು. ಖಾಕಿ ಅಂಗಿ ನಾನೇ ಹೊಲಕೊಂತೀನಿ ಬಿಡು" ಎಂದ. ಅವನು ನಗಲಿಲ್ಲ.

"ಅವಸರದಾಗ ಬರಕೊಂಡಿದ್ದೆನೋ…" ಎಂದೆ.

"ಎಷ್ಟ್ ವರ್ಷದ ಅವಸರಲೇ ಅದು?"

ಸೋಲೊಪ್ಪುವ ಜಾಯಮಾನ ನನ್ನದಲ್ಲ. "ನೀನೂ ನನ್ನ ಹಂಗೇ ಬರಕೊಂಡಿರ್ತಿ, ತೋರಸು!" ಎಂದು ಕೈಚೀಲದಿಂದ ಅವನ ಫೋನು ಕಸಿದು ನೋಡಿದೆ. "ಬಸವ್ಯಾ" ಎಂದಿತ್ತು. ಬೆಂಚಿನಲ್ಲಿ ನನ್ನ ಪಕ್ಕೆ ತಿವಿದು ಕರೆಯುತ್ತಿದ್ದ ಹೆಸರು. ಹಿಂದಿಲ್ಲ, ಮುಂದಿಲ್ಲ, ಅಷ್ಟೇ.

ಅವನೆದುರಿಗೇ "ಟೇಲರ್" ಅಳಿಸಿ "ಮಹಿಬೂಬ" ಎಂದು ಬರೆದೆ. ಅವನು ಇನ್ನೊಂದು ಪ್ಲೇಟ್ ಭಜಿ ತರಿಸಿದ, ಅಂದರೆ ಕ್ಷಮಿಸಿದ. ಆಗ ನನಗೆ ನಾಚಿಕೆಯಾಯಿತು ಎಂದು ಬರೆದು ಮುಗಿಸಿದರೆ ಚಂದ. ನಾಚಿಕೆ ಆದದ್ದೂ ನಿಜ. ಆದರೆ ಅವನ ಫೋನಿನಲ್ಲಿ ಆ "ಬಸವ್ಯಾ" ಕಂಡೊಡನೆ ಮನಸ್ಸಿಗೆ ಮೊದಲು ಬಂದದ್ದು ನಾಚಿಕೆಯಲ್ಲ. ನನಗೆ ಪ್ರಮೋಷನ್ ಆಗಿ ವರ್ಷವಾಗಿದೆಯಲ್ಲ, ಈ ಪುಣ್ಯಾತ್ಮ ಹೆಸರಿನ ಮುಂದೆ ಒಂದು ಎಫ್‌ಡಿಎ ಸೇರಿಸಬಾರದಿತ್ತೆ?