ಮುದ್ದಮ್ಮ ಕಲಿತ ಮೈಕ್ರೊ ಆರ್‌ಎನ್‌ಎ

ಬಸ್ಸಿನಲ್ಲಿ ಪಕ್ಕದವರಿಗೆ ಪಾಠ ಹೇಳಬಾರದೆಂದು ಕುಮಾರಸ್ವಾಮಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಅವನು ಅರಸೀಕೆರೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ, ಯಾವಾಗ ಬೇಕಾದರೂ ಕಳಿಸಿಬಿಡಬಹುದಾದವನು. ಹಳೇಬೀಡಿನಾಚೆಯ ಹೈಸ್ಕೂಲೊಂದರಲ್ಲಿ ಭಾಷಣ ಮಾಡಿ ಬರಲು ಪ್ರಿನ್ಸಿಪಾಲ್ ಸಿದ್ದಬಸಪ್ಪನವರು ಹೇಳಿದ್ದರು.

"ಮಕ್ಕಳು ಪ್ರಶ್ನೆ ಕೇಳ್ಬೇಕು ಕಣ್ರೀ. ಕೇಳಿದ್ರೆ ಮುಂದಿನ ವರ್ಷವೂ ನೀವೇ. ಇಲ್ದಿದ್ರೆ ಬೇರೆಯವರನ್ನ ನೋಡ್ತೀನಿ."

ಜಾವಗಲ್‌ನಲ್ಲಿ ಹತ್ತಿ ಪಕ್ಕದಲ್ಲಿ ಕೂತ ಮುದ್ದಮ್ಮಜ್ಜಿ ಅವನ ತೊಡೆಯ ಮೇಲಿನ ಥರ್ಮಾಕೋಲ್ ಮಾದರಿ ನೋಡಿ, "ಏನಪ್ಪ ಇದು, ಹೂಕೋಸಾ?" ಎಂದಳು.

"ಮೆದುಳು ಕಣಜ್ಜಿ. ಹೊಟ್ಟೇಲಿರೋ ಮಗುವಿನ ಮೆದುಳು ಬೆಳೀವಾಗ ಒಂದೊಂದು ನರದ ಎಳೆನೂ ತನ್ನ ಜಾಗ ಹುಡುಕ್ಕೊಂಡು ಹೊರಡುತ್ತೆ. ದಾರೀಲಿ 'ಇತ್ತ ಬಾ', 'ಅತ್ತ ಹೋಗು' ಅಂತ ನೂರೆಂಟು ಕರೆ. ಎಳೆಯೊಳಗೆ ಮೈಕ್ರೊ ಆರ್‌ಎನ್‌ಎ ಅಂತ ಚೂರುಗಳಿರ್ತವೆ. ಆ ಹೊತ್ತಿಗೆ ಬೇಡದ ಸಂದೇಶಗಳನ್ನ ಅವು ಅಡಗಿಸ್ತವೆ. ಆಗ ಎಳೆ ಸರಿಯಾದ ಕರೆಗಷ್ಟೇ ಓಗೊಡುತ್ತೆ."

"ಅಂದ್ರೆ ಬಾಯಿ ಮುಚ್ಚಿಸ್ತವೆ ಅನ್ನಿ ಮೇಷ್ಟ್ರೆ."

"ಅಷ್ಟೇ!" ಕುಮಾರಸ್ವಾಮಿ ಹಿಗ್ಗಿಹೋದ. ಆ ಹಿಗ್ಗಿನಲ್ಲೇ, ಸ್ಕೂಲಿಗೆ ಎಲ್ಲಿ ಇಳಿಯಬೇಕೆಂದು ಗಟ್ಟಿಯಾಗಿ ಕೇಳಿದ. ಇಡೀ ಬಸ್ಸು ಬಾಯಿಬಿಟ್ಟಿತು.

"ಹಳೇಬೀಡಲ್ಲಿಳಿದು ಆಟೋ ಹಿಡೀರಿ."

"ಬ್ಯಾಡ, ಕೆರೆ ಏರಿ ಹತ್ರ ಇಳೀರಿ!"

"ಅಲ್ಲೆಲ್ಲೈತ್ಲಾ ಸ್ಕೂಲು?"

ಮುದ್ದಮ್ಮ ಎದ್ದು ನಿಂತಳು. "ಎಲ್ರೂ ಬಾಯ್ ಮುಚ್ಕಳ್ಳಿ! ನರ ಹೋಯ್ತಾ ಐತೆ!"

ಬಸ್ಸು ಗಪ್‌ಚಿಪ್ಪಾಯಿತು. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಬಂದು "ಸಾರ್, ನಿಮ್ಮ..." ಎನ್ನುವಷ್ಟರಲ್ಲಿ "ಶ್!" ಎಂದು ಅವನನ್ನೂ ಅಟ್ಟಿದಳು. ತನ್ನ ಪಾಠ ಒಬ್ಬರಿಗಾದರೂ ಇಷ್ಟು ಚೆನ್ನಾಗಿ ನಾಟಿತಲ್ಲ ಎಂದು ಕುಮಾರಸ್ವಾಮಿಯ ಕಣ್ಣು ತುಂಬಿಬಂತು. ಅವನು ಕಣ್ಣೊರೆಸಿಕೊಳ್ಳುತ್ತಿದ್ದಾಗ ಸ್ಕೂಲು ಕಿಟಕಿಯಾಚೆ ಹಿಂದಕ್ಕೆ ಸರಿಯಿತು.

"ನಿಮ್ಮ ಸ್ಟಾಪ್ ಬಂತು ಅಂತ್ಲೇ ಹೇಳೋಕ್ ಬಂದಿದ್ದೆ ಸಾರ್," ಎಂದ ಕಂಡಕ್ಟರ್, ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ.

ಮುದ್ದಮ್ಮ ನೊಂದುಕೊಂಡಳು. "ನನ್ನಿಂದ ಹಿಂಗಾಯ್ತು. ನಾನೇ ಮುಟ್ಟಿಸ್ತೀನಿ ನಡೀರಿ." ಮಗಳ ಮನೆಗೆ ಬಂದವಳು ಮಗಳ ಮುಖವನ್ನೂ ನೋಡದೆ ವಾಪಸ್ ಬಸ್ ಹತ್ತಿದಳು. ಆ ನೂಕುನುಗ್ಗಲಲ್ಲಿ ಯಾರದೋ ಮೊಣಕೈ ತಾಗಿ ಮೆದುಳಿನ ಹಿಂಭಾಗ ಪುಡಿಯಾಯಿತು.

ತಡವಾದರೂ ಹೆಡ್ ಮೇಡಂ ನಯನಾ ಮಕ್ಕಳನ್ನು ಕೂರಿಸಿಕೊಂಡೇ ಇದ್ದರು. ಕುಮಾರಸ್ವಾಮಿ ಜೀವ ತುಂಬಿ ಮಾತಾಡಿದ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು.

"ಈಗ ಪ್ರಶ್ನೆ ಕೇಳಿ," ಎಂದ. ಯಾರೂ ಕೇಳಲಿಲ್ಲ. ಬೇಡಿಕೊಂಡ. ಆಗಲೂ ಇಲ್ಲ. ನಯನಾ ಮೇಡಂ ಅವನ ಎದುರೇ ಸಿದ್ದಬಸಪ್ಪನವರಿಗೆ ಫೋನ್ ಮಾಡಿದರು. "ಚೆನ್ನಾಗ್ ಮಾತಾಡಿದ್ರು ಸಾರ್. ಆದ್ರೆ ಒಂದು ಪ್ರಶ್ನೆನೂ ಬರ್ಲಿಲ್ಲ."

ಕುಮಾರಸ್ವಾಮಿ ಮುರಿದ ಮೆದುಳನ್ನು ಎತ್ತಿಕೊಂಡು ಹೊರಬಿದ್ದ. ಬಸ್‌ಸ್ಟಾಪಿಗೆ ಬಂದರೆ ಮುದ್ದಮ್ಮ ಬೀಗುತ್ತಾ ನಿಂತಿದ್ದಳು.

"ಹೆಂಗೆ ಮೇಷ್ಟ್ರೆ! ನಿಮ್ಮ ಬೆನ್ನ ಹಿಂದಿನ ಕಿಟಕೀಲೇ ನಿಂತಿದ್ದೆ. ಎಷ್ಟು ಮಕ್ಕಳು ಬಾಯಿ ತೆಗೆಯೋಕ್ ಬಂದ್ವು ಗೊತ್ತಾ? ಹಿಂಗೆ ಕಣ್ ಬಿಟ್ಟೆ ನೋಡಿ, ಒಂದೂ ಉಸಿರೆತ್ಲಿಲ್ಲ!"

ಕುಮಾರಸ್ವಾಮಿ ಏನೋ ಹೇಳಲು ಬಾಯಿ ತೆರೆದ.

"ಶ್! ಬಸ್ ಬತ್ತಾ ಐತೆ. ಈ ಸಲ ಕಂಡಕ್ಟರ್ ಮಾತು ಮಾತ್ರ ಕೇಳ್ಕಳಿ."