ಕರುಳಿನ ಕೋಚು, ನಮ್ಮನೆ ಹೆಪ್ಪು

ಜಯನಗರದಲ್ಲಿ ಬೀದಿಗೊಂದು ಮೆಡಿಕಲ್ ಶಾಪು, ಮನೆಗೊಬ್ಬ ವೈದ್ಯ. ಹಾಗಾಗಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಈ ಸಲ ನಮ್ಮ ಮನೆಯ ಸರದಿ ಬಂತು, ಅಷ್ಟೆ.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು. ನನ್ನ ಗಂಡ ಬ್ಯಾಂಕಿನಲ್ಲಿದ್ದವರು. ಸಹಿ ತಾಳೆಯಾಗದಿದ್ದರೆ ಸ್ವಂತ ತಮ್ಮನ ಚೆಕ್ಕನ್ನೂ ವಾಪಸು ಕಳಿಸಿದವರು. ಅಂಥವರು ಒಬ್ಬ ಕೋಚನ್ನು ಒಂದೇ ಬೆಳಿಗ್ಗೆಯಲ್ಲಿ ನಂಬಿಬಿಟ್ಟರು.

೧. ಕೆರೆಯ ಸುತ್ತ

ಯಡಿಯೂರು ಕೆರೆಯ ಸುತ್ತ ವಾಕಿಂಗ್ ಮಾಡುವ ಗುಂಪಿಗೆ ಬಿಟಿಎಂ ಲೇಔಟಿನಿಂದ ಈ ಕೋಚ್ ಬರುತ್ತಾನೆ. ಕ್ರಿಕೆಟ್ಟಿಗಲ್ಲ, ಕರುಳಿಗೆ.

ನನ್ನವರಿಗೆ ಉಂಡ ಮೇಲೆ ಹೊಟ್ಟೆ ಉರಿಯುತ್ತಿತ್ತು. "ಡಾಕ್ಟರ ಹತ್ರ ಹೋಗೋಣ ರೀ" ಅಂದೆ.

"ಕರುಳು ಸರಿಹೋದ್ರೆ ಎಲ್ಲಾ ಸರಿಹೋಗತ್ತೆ. ಮಂಡಿ, ನಿದ್ದೆ, ಸಿಟ್ಟು. ನೀನೂ ಬಾ, ಸಿಟ್ಟಿಗಾದ್ರೂ."

ಅವರ ಅಪ್ಪ ಹೊಟ್ಟೆಯ ಗೆಡ್ಡೆಯಿಂದ ಹೋದವರು. ಡಾಕ್ಟರು ಏನಾದರೂ ಕಂಡುಹಿಡಿದುಬಿಟ್ಟರೆ ಅನ್ನುವ ಹೆದರಿಕೆ ಇವರಿಗೆ. ಕೋಚು ಏನನ್ನೂ ಕಂಡುಹಿಡಿಯುವುದಿಲ್ಲ. ಅದೇ ಅವನ ದೊಡ್ಡ ಗುಣ.

ಸಾಮಾನ್ಯವಾಗಿ ನಮ್ಮ ಜನ ಎದುರಾದವರನ್ನು ತಿಂಡಿ ಆಯ್ತಾ ಅಂತ ಕೇಳುತ್ತಾರೆ. ಈ ಗುಂಪಿನವರು ಅದರ ಮುಂದಿನ ಹಂತ ಆಯಿತೇ ಎಂದು ವಿಚಾರಿಸುತ್ತಾರೆ. ಆಗಿಲ್ಲ ಅಂದವರಿಗೆ ವಾಟ್ಸ್ಯಾಪಿನಲ್ಲಿ ಸಂತಾಪ.

೨. ಹಳೇ ಕೆಮಿಸ್ಟ್ರಿ

ಒಂದು ದಿನ ಕೋಚು ಮನೆಗೇ ಬಂದು ಫ್ರಿಜ್ ತೆಗೆದ. "ಮೇಡಂ, ಈ ಹೆಪ್ಪು ಎಲ್ಲಿಂದ ಬಂದಿದ್ದು?"

"ನಮ್ಮತ್ತೆಯಿಂದ. ನಾನು ಮದುವೆಯಾಗಿ ಬಂದಾಗಲೇ ಇತ್ತು."

"ಇದರಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಗೊತ್ತಾ?"

"ಹಾಲನ್ನ ಮೊಸರು ಮಾಡೋದು."

"ನೀವು ಓದಿರೋದು ಹಳೇ ಕೆಮಿಸ್ಟ್ರಿ ಮೇಡಂ."

ನನ್ನವರು ನಕ್ಕರು. ಆಮೇಲೆ ತಮ್ಮ ತಾಯಿಯ ಕಾಲದ ಹೆಪ್ಪನ್ನು ತಾವೇ ಸಿಂಕಿಗೆ ಸುರಿದರು. ಆ ಜಾಗಕ್ಕೆ ಕೋಚು ಮಾರುವ 'ಒಳ್ಳೇ ಬ್ಯಾಕ್ಟೀರಿಯಾ'ದ ಪುಟ್ಟ ಪುಟ್ಟ ಬಾಟಲಿಗಳು ಬಂದವು. ಬೆಳಿಗ್ಗೆ ಖಾಲಿ ಹೊಟ್ಟೆಗೆ ವಿನಿಗರ್.

"ಅದು ಆ್ಯಸಿಡ್ ರೀ. ಉರಿಯೋ ಹೊಟ್ಟೆಗೆ ಬೇಡ."

"ಹಳೇ ಕೆಮಿಸ್ಟ್ರಿ" ಅಂದರು.

ಎದುರುಮನೆಯಾಕೆಯ ಹೆಪ್ಪೂ ಮೂಲದಲ್ಲಿ ನಮ್ಮದೇ. ಅವರು ಈ ಬೀದಿಗೆ ಬಂದಾಗ ನಾನೇ ಕೊಟ್ಟದ್ದು. ಇವರು ಅಲ್ಲಿಗೂ ಹೋಗಿ, "ಚೆಲ್ಲಿಬಿಡಿ, ಎಂಥೆಂಥಾ ಕ್ರಿಮಿ ಇರತ್ತೋ" ಎಂದು ಬಂದರು. ಆಕೆ ಚೆಲ್ಲಲಿಲ್ಲ. ಮರೆಯಲೂ ಇಲ್ಲ.

೩. ಪ್ಯಾಂಟು

ಇವರ ಪ್ಯಾಂಟು ಸಡಿಲವಾಯಿತು. "ಒಳಗಿನ ವಿಷ ಹೋಗ್ತಿದೆ" ಅಂದರು. ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡರು. ಮಾವನವರ ಪಂಚೆಯೂ ಹೀಗೇ ಜಾರಲು ಶುರುವಾಗಿದ್ದು ನೆನಪಾಗಿ ನನಗೆ ನಗು ಬರಲಿಲ್ಲ.

ಒಂದು ಬೆಳಿಗ್ಗೆ ಬೆಲ್ಟು ಮರೆತು ಹೋಗಿದ್ದರು. ಕೆರೆಯ ಹತ್ತಿರ, ಗುಂಪಿನ ಮಧ್ಯದಲ್ಲೇ ಪ್ಯಾಂಟು ಕೆಳಗಿಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಕೋಚು, "ಸೂಪರ್ ರಿಸಲ್ಟ್ ಸಾರ್" ಎಂದನಂತೆ.

ಮನೆಗೆ ಬಂದು ಕುರ್ಚಿಯಲ್ಲಿ ಕೂತು, ನನ್ನ ಮುಖ ನೋಡದೆ, "ಹೋಗೋಣ" ಅಂದರು.

೪. ಕ್ಯಾಮೆರಾ

ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರಮ್ಮ ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಗೆಡ್ಡೆ ಗಿಡ್ಡೆ ಏನೂ ಇಲ್ಲ. ಒಳಗೆಲ್ಲ ಹುಣ್ಣಾಗಿದೆ. ಬೆಳಿಗ್ಗೆ ಏನು ಕುಡೀತೀರಿ?" ಎಂದರು. ಇವರು ಹೇಳಿದರು. ಆಕೆ ನನ್ನ ಕಡೆ ತಿರುಗಿದರು.

"ನೀವು ಏನ್ ಕೆಲಸದಲ್ಲಿದ್ರಿ?"

"ಕೆಮಿಸ್ಟ್ರಿ ಲೆಕ್ಚರರ್."

"ಅಲ್ಲಾ ಮೇಡಂ, ನೀವಾದ್ರೂ ಹೇಳಬಾರದಿತ್ತಾ?"

ಮಾತ್ರೆ ಬರೆದರು. ಹುಣ್ಣು ಮಾಯುವವರೆಗೆ ಮೊಸರನ್ನ, ಮನೆಯ ಮೊಸರಾದರೆ ಒಳ್ಳೆಯದು ಎಂದರು. ಆಟೋದಲ್ಲಿ ಇವರು ದಾರಿಯುದ್ದಕ್ಕೂ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು.

೫. ಖಾಲಿ ಬಟ್ಟಲು

ಮನೆಯಲ್ಲಿ ಹೆಪ್ಪು ಎಲ್ಲಿದೆ? ಸಂಜೆ ಬಟ್ಟಲು ಹಿಡಿದು ಎದುರುಮನೆಗೆ ಹೋದೆ.

"ದೀಪ ಹಚ್ಚಿ ಆಯ್ತಲ್ರೀ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಲ್ಲ, ಲಕ್ಷ್ಮಿ ಹೊರಟುಹೋಗ್ತಾಳೆ."

"ಅದು ನಮ್ಮನೇ ಹೆಪ್ಪೇ ಅಲ್ವೇನ್ರೀ?"

"ಅದಕ್ಕೇ ಹೇಳ್ತಿರೋದು. ಎಂಥೆಂಥಾ ಕ್ರಿಮಿ ಇರತ್ತೋ. ಬೆಳಿಗ್ಗೆ ಬನ್ನಿ."

ಇಂಥ ಮೂಢನಂಬಿಕೆಗಳ ವಿರುದ್ಧ ನಾನು ಕಾಲೇಜಿನಲ್ಲಿ ಭಾಷಣ ಮಾಡಿದ್ದೇನೆ. ಬೆಳಿಗ್ಗೆ ಹೋದೆ.

೬. ಹೊಸ ಕೆಮಿಸ್ಟ್ರಿ

ಮೊಸರನ್ನ ತಿಂದು ಇವರು ಚೇತರಿಸಿಕೊಂಡರು. ಪ್ಯಾಂಟು ಸೊಂಟದಲ್ಲಿ ನಿಂತಿತು. ನಿಂತ ಕೂಡಲೇ ಕೆರೆಗೆ ಹೋಗಿ ಎಲ್ಲರಿಗೂ ಮೊಸರನ್ನದ ಮಹಿಮೆ ಹೇಳಿ ಬಂದರು. ಎರಡು ವಾರದಲ್ಲಿ ಕೋಚಿನ ಪೋಸ್ಟರಿನಲ್ಲಿ ಇವರ ಫೋಟೋ: ಮೊದಲು, ಆಮೇಲೆ. ಕೆಳಗೆ, 'ಅಜ್ಜಿ ಪದ್ಧತಿಯ ಜೀವಂತ ಅನ್ನ.' ವಿನಿಗರಿನ ಸುದ್ದಿಯೇ ಇಲ್ಲ.

ಒಂದು ಸಂಜೆ ಕೋಚು ಮತ್ತೆ ಮನೆಗೆ ಬಂದ. ನಾನು ಮೊಸರನ್ನ ಕಲಸುತ್ತಿದ್ದೆ.

"ಮೇಡಂ, ಅನ್ನ ಆರಿದ ಮೇಲೇ ಮೊಸರು ಹಾಕಬೇಕು. ಬಿಸಿಗೆ ಹಾಕಿದ್ರೆ ಬ್ಯಾಕ್ಟೀರಿಯಾ ಸಾಯತ್ತೆ."

ನನ್ನವರು ತಲೆಯಾಡಿಸಿದರು. "ಅವಳಿಗೆ ಸ್ವಲ್ಪ ಬಿಡಿಸಿ ಹೇಳಿ ಸಾರ್."

ಬಿಡಿಸಿ ಹೇಳಿದ. ಹೇಳಿ ಮುಗಿಸಿ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದ. "ನಿಮ್ಮನೇ ಹೆಪ್ಪು ಒಂದು ಸ್ವಲ್ಪ ಬೇಕಿತ್ತು ಮೇಡಂ. ತುಂಬಾ ಹಳೇದು ಅಂತ ಸಾರ್ ಹೇಳಿದ್ರು. ನಾಳೆಯಿಂದ ಬಾಟಲಿಗೆ ಅದನ್ನೇ ಹಾಕೋಣ ಅಂತ."

"ಕೊಡೇ" ಅಂದರು ನನ್ನವರು.

"ಒಂದು ನಿಮಿಷ" ಎಂದೆ. ಕೈ ತೊಳೆದು ದೇವರ ಮನೆಗೆ ಹೋದೆ. ನಾನು ಆ ಕಡೆ ಹೋಗುವುದೇ ಅಪರೂಪ, ಬೆಂಕಿಪೊಟ್ಟಣ ಹುಡುಕಬೇಕಾಯಿತು. ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ನಿಧಾನವಾಗಿ ದೀಪ ಹಚ್ಚಿ, ಹೊರಗೆ ಬಂದೆ.

"ದೀಪ ಹಚ್ಚಿ ಆಯ್ತಲ್ಲಪ್ಪ" ಅಂದೆ. "ಇನ್ನು ಕೊಡೋ ಹಾಗಿಲ್ಲ."